ಗೋಡೆಗೆ ಒರಗಿಸಿದ ಕೋಲು

೪ ಜೂನ್ ೨೦೧೪, ಬುಧವಾರ. ದಿವಾ ಸ್ಟೇಷನ್ ಬಳಿಯ ಚಾಳು

ಇವತ್ತೂ ನಲ್ಲಿಯಲ್ಲಿ ನೀರಿಲ್ಲ. ಪಕ್ಕದ ಚಾಳಿನಿಂದ ಎರಡು ಕೊಡ ತಂದೆ. ಅಷ್ಟರಲ್ಲಿ ರಘುಪತಿ ಬಂದ — ಅರ್ಜಿ ತುಂಬಿಕೊಡುವ ಏಜೆಂಟ್. ಮಗ ಅಂಬಾರಾಯನ ಅಂಗವೈಕಲ್ಯದ ಸರ್ಟಿಫಿಕೇಟ್ ತಂದಿದ್ದ. ಮೂವತ್ತು ಪರ್ಸೆಂಟ್ ಅಂತೆ. ನಲವತ್ತಾದರೂ ಇಲ್ಲದೆ ಅಂಗವಿಕಲರ ಪಿಂಚಣಿ ಇಲ್ಲ.

ಕಳಂಬೋಲಿ ಮಾರ್ಕೆಟ್ಟಿನಲ್ಲಿ ಕಬ್ಬಿಣದ ಹಾಳೆ ಬಿದ್ದು ಮಗನ ಸೊಂಟ ಮುರಿದು ಒಂದೂವರೆ ವರ್ಷ. ಕೋಲಿಲ್ಲದೆ ಬಚ್ಚಲಿಗೂ ಹೋಗಲಾರ. ಮೂವತ್ತಂತೆ. ಯಾವ ತಕ್ಕಡಿಯಲ್ಲಿ ತೂಗಿದರೋ.

"ಡಾಕ್ಟರ್ ಬರದಾರಬೇ ಯವ್ವಾ, ನಾ ಏನ್ ಮಾಡ್ಲಿ?" ಅಂದ ರಘುಪತಿ. ಕಣ್ಣು ಒಲೆಯ ಮೇಲಿನ ಚಹಾದ ಕಡೆ. ಕೊಡಲಿಲ್ಲ.

೬ ಜೂನ್

ರಘುಪತಿಯೇ ಕಾಗದ ಅದಲುಬದಲು ಮಾಡಿರಬೇಕು. ಇಲ್ಲವೇ ಆ ಡಾಕ್ಟರಿಗೆ ಯಾರೋ ಕೈ ಬೆಚ್ಚಗೆ ಮಾಡಿದ್ದಾರೆ. ತಪಾಸಣೆಯ ದಿನ ಆತ ತಲೆ ಎತ್ತಿದ್ದೇ ಒಂದು ಸಲ. ಮುಟ್ಟಿ ನೋಡಲಿಲ್ಲ. ಎಕ್ಸ್‌ರೇ ಕವರ್ ಬಿಚ್ಚಲಿಲ್ಲ — ದಾರ ಹಾಗೇ ಇದೆ, ಗಂಟು ನನ್ನದೇ.

೧೧ ಜೂನ್

ಸರ್ಟಿಫಿಕೇಟ್ ಇಂಗ್ಲಿಷ್‌ನಲ್ಲಿದೆ. ಮೊಮ್ಮಗಳು ನಾಗವೇಣಿಯಿಂದ ಓದಿಸಿದೆ.

"ಆಯಿ, ಲಿಖಾ ಹೈ — ಬಿನಾ ಸಹಾರೇ ಚಲ್ತಾ ಹೈ. ಕೋಲು ಬ್ಯಾಡ ಅಂತ. ಔರ್, ಪೇಶಂಟ್ ಖುದ್ ಬೋಲಾ — ತಾನ ಅಂದಾನಂತ, ಆರಾಮ್ ಹೈ."

"ಸುಳ್ಳ ಬರದಾನ. ಅವನ ಕೈ ಸೇದಿಹೋಗ್ಲಿ."

ಅಂಬಾರಾಯ ಗೋಡೆಯ ಕಡೆ ಹೊರಳಿ ಮಲಗಿದ್ದ. ಹೊರಳಿದಲ್ಲಿಂದಲೇ ಅಂದ, "ಸುಳ್ಳಲ್ಲವ್ವಾ. ಕೋಲ ಕಸ್ಕೊಂಡಾಕಿ ನೀನ."

ಮುಂದೆ ಬರೆಯಲು ಮನಸ್ಸಿಲ್ಲ…

೧೯ ಜೂನ್

ಬರೆಯದಿದ್ದರೆ ಆದದ್ದು ಆಗದೇ ಹೋಗುತ್ತದೆಯೇ.

ಹೌದು, ನಾನೇ. ದೊಡ್ಡವರ ಮುಂದೆ ಕೋಲೂರಿ ನಿಂತರೆ ನಮ್ಮೂರಿನಲ್ಲಿ ಸೊಕ್ಕು ಅನ್ನುತ್ತಿದ್ದರು. ಅವತ್ತು ಡಾಕ್ಟರ ಬಾಗಿಲಲ್ಲಿ ಅವನ ಚಪ್ಪಲಿ ಬಿಡಿಸಿದೆ. ಕೋಲನ್ನೂ ಅದರ ಪಕ್ಕ ಒರಗಿಸಿದೆ. ಇಸ್ತ್ರಿ ಅಂಗಿ ಬೇರೆ. ಹಲ್ಲು ಕಚ್ಚಿ ನಾಲ್ಕು ಹೆಜ್ಜೆ ನಡೆದ. ಡಾಕ್ಟರು "ಕೈಸಾ ಹೈ?" ಅಂದರು. "ಆರಾಮ್ ಹೈ ಸಾಬ್." ಎಷ್ಟು ಮರ್ಯಾದಸ್ಥ ಮಗ ಎಂದು ಹಿಂದೆ ನಿಂತು ಹಿಗ್ಗಿದ್ದೆ.

ಆದರೂ ಆ ಗಂಟು ಬಿಚ್ಚಲಿಲ್ಲವಲ್ಲ ಡಾಕ್ಟರ್. ಅದನ್ನು ಬಿಡುವವಳಲ್ಲ ನಾನು. ನಾಗವೇಣಿ ಅಪೀಲು ಬರೆದಳು. ಗಂಟಿನದೂ ಬರೆಸಿದೆ, ಕೋಲಿನದೂ ಬರೆಸಿದೆ. ಕೆಳಗೆ ನನ್ನ ಸಹಿ.

೨೨ ಜುಲೈ, ಬೆಳಿಗ್ಗೆ ಹನ್ನೊಂದು. ಆಸ್ಪತ್ರೆಯ ಬೆಂಚು

ಮತ್ತೆ ನೋಡಲು ಕರೆದಿದ್ದಾರೆ. ಈ ಸಲ ಮೂವರು ಡಾಕ್ಟರು. ಎಕ್ಸ್‌ರೇ ಕವರಿಗೆ ದಾರ ಕಟ್ಟಿಲ್ಲ.

ಬಾಗಿಲಲ್ಲಿ ಅಂಬಾರಾಯ ಚಪ್ಪಲಿ ಬಿಟ್ಟ. ತಾನಾಗಿಯೇ ಕೋಲನ್ನು ಗೋಡೆಗೆ ಒರಗಿಸಿದ. ಎತ್ತಿ ಕೈಗೆ ತುರುಕಿದೆ.

"ಒಳಗ ದೊಡ್ಡವರದಾರವ್ವಾ."

"ಇರ್ಲಿ. ಸೊಕ್ಕ ಅಂದ್ರ ನನಗ ಅನ್ಲಿ. ಕೇಳಿದ್ರ ನೋವ ಅನ್ನು, ತಿಳೀತಿಲ್ಲೋ?"

ತಲೆ ಆಡಿಸಿದ. ಆ ತಲೆಯ ಮೇಲೆ ನನಗೆ ನಂಬಿಕೆ ಇಲ್ಲ. ಬೆಳೆಸಿದವಳು ನಾನೇ.

ನನ್ನನ್ನು ಒಳಗೆ ಬಿಡಲಿಲ್ಲ. ಕೋಲಿನ ಸದ್ದು ಕೇಳುತ್ತಿದೆ — ಟಕ್… ಟಕ್… ನಿಂತಿತು. ಯಾರೋ ಕೇಳಿದರು, "ಕೈಸಾ ಹೈ?"

ಅಂಬಾರಾಯ —