ಹರಿದ ಕಿವಿಯ ಬೇಟೆನಾಯಿ

ವಾರ್ಮ್‌ಬ್ರುನ್, ಸಂತ ಮಾರ್ಟಿನನ ಹಬ್ಬದ ಮರುದಿನ

ಅಪ್ಪಾ,

ನಿಮ್ಮನ್ನು ಮಣ್ಣು ಮಾಡಿ ಆರು ವರ್ಷವಾಯಿತು. ಆದರೂ ಇದನ್ನು ನಿಮಗಲ್ಲದೆ ಬೇರೆ ಯಾರಿಗೂ ಹೇಳುವಂತಿಲ್ಲ.

ಇವತ್ತು ಬೆಳಿಗ್ಗೆ ಕೋಟೆಯ ಪಾರುಪತ್ಯಗಾರ ಎರ್ಡ್‌ಮನ್ ಬಂದಿದ್ದರು. ಬೇಟೆಯ ಚಿತ್ರ ಕೊರೆದ ಗಾಜಿನ ಪಾನಪಾತ್ರೆಯೊಂದನ್ನು ಬಟ್ಟೆಯಿಂದ ಬಿಚ್ಚಿ ಮೇಜಿನ ಮೇಲಿಟ್ಟರು.

"ಸಂತೇಲಿ ಸಿಕ್ತು ಕಣಯ್ಯಾ ಮೆಲ್ಕಿಯರ್. ಧಣಿಗಳಿಗೆ ಇದರ ಜೋಡಿ ಬೇಕಂತೆ. ಕೊರೆದೋನ ಕಣ್ಣು ಎಷ್ಟು ಚುರುಕು ನೋಡು! ನಿನ್ನ ಕೈಲಾಗುತ್ತಾ?"

ಬೆಳಕಿಗೆ ಹಿಡಿದೆ. ಜಿಂಕೆಯ ಹಿಂದೆ ಓಡುತ್ತಿದ್ದ ನಾಯಿಯ ಎಡಗಿವಿ ಅರ್ಧ ಹರಿದಿತ್ತು. ಅದು ನಮ್ಮ ಮನೆಯ ನಾಯಿ ಟೈರಾಸ್. ಅದು ಮನೆಗೆ ಬರುವ ಹೊತ್ತಿಗೆ ನಿಮ್ಮ ಕಣ್ಣು ಪೂರ್ತಿ ಹೋಗಿತ್ತು. ಅದನ್ನು ನೀವು ಸವರಿ ಮಾತ್ರ ಬಲ್ಲಿರಿ.

"ಕೊರೆಯೋ ಚಕ್ರದ ಕೆಳಗೆ ಗಾಜೆಲ್ಲ ಎಣ್ಣೆ, ಸಾಣೆಪುಡಿ. ಕಣ್ಣಿದ್ದೋನಿಗೆ ತಾನೆ ಏನು ಕಾಣುತ್ತೋ ಪೆದ್ದೇ? ಬೆರಳಲ್ಲಿ ನೋಡು" ಎಂದು ಕಲಿಸಿದವರು ನೀವೇ. ಆದರೂ ಟೈರಾಸ್ ಬಂದ ಚಳಿಗಾಲ, ಕಣ್ಣಿಲ್ಲದವರಿಂದ ಇನ್ನೇನಾದೀತು ಎಂದು ನಿಮ್ಮನ್ನು ಚಕ್ರದ ಮುಂದಿನಿಂದ ಎಬ್ಬಿಸಿ, ನಿಮ್ಮ ಮುಕ್ಕಾಲಿಯನ್ನು ಅಟ್ಟಕ್ಕೆ ಹಾಕಿದೆ. ನೀವು ಆಗಷ್ಟೇ ಮುಗಿಸಿದ್ದ ಪಾತ್ರೆಯನ್ನು, ಎಣ್ಣೆ ಒರೆಸಿ ಕೂಡ ನೋಡದೆ, ಊರೂರು ತಿರುಗುವ ವ್ಯಾಪಾರಿಗೆ ಕೊಟ್ಟುಬಿಟ್ಟೆ.

"ಆಗಲ್ಲ ಸ್ವಾಮಿ" ಎಂದೆ.

"ಅಷ್ಟೊಂದು ಕಷ್ಟವಾ? ಯಾರಯ್ಯಾ ಇದನ್ನ ಕೊರೆದೋನು?"

"ನಮ್ಮಪ್ಪ."

ಅವರು ಹೋದ ಮೇಲೆ ಮುಕ್ಕಾಲಿಯನ್ನು ಅಟ್ಟದಿಂದ ಇಳಿಸಿ, ದೂಳು ಒರೆಸಿ, ಚಕ್ರದ ಮುಂದಿಟ್ಟೆ. ಸಂಜೆಯವರೆಗೂ ಅದರ ಪಕ್ಕದಲ್ಲಿ ನಿಂತೇ ಕೆಲಸ ಮಾಡಿದೆ.