ಕಲ್ಲಿಗೆ ಅಂಟಿದ ಬಿಳೀ ಹುಳ

ಅನಿಲ,

ನಿನ್ನ ಉಪ್ಪುನೀರಿನ ಟ್ಯಾಂಕಿನ್ಯಾಗ ಕಲ್ಲಿಗೆ ಅಂಟಿಕೊಂಡಿದ್ದ ಬಿಳೀ ಹುಳ ಯಾವುದಂತ ಗೊತ್ತಾತು. ಅದು ಹುಳ ಅಲ್ಲೋ, ಶಾವಿಗಿ. ಈಗ ಮುಂಜಾನೆ ಅವ್ವ ತನ್ನ ತಾಟಿನ್ಯಾಗಿಂದು ಮತ್ತೊಂದು ಎಳಿ ತಗದು ಟ್ಯಾಂಕಿನ್ಯಾಗ ಹಾಕೂದನ್ನ ನಾನ ಕಣ್ಣಾರೆ ನೋಡಿದ್ನಿ.

ಇನ್ನ ಮೀನು ಸಾಕಾವ್ರ ಗ್ರೂಪಿನ್ಯಾಗ ಅದರ ಫೋಟೋ ಹಾಕಬ್ಯಾಡ. ಮೀನಿನ ರಕ್ತ ಹೀರೂ ಹುಳ ಅಂತ ಹೆಸರಿಟ್ಟ ಆ ಮುಂಬೈ ಪಂಡಿತಗ ನೀನ ಹೇಳು. ನಾಕ್ ದಿನ ಆತು, ಭೂತಗನ್ನಡಿ ಹಿಡಕೊಂಡು ಅದರ ಮುಂದ ಕುಂತೀದಿ. ಉಣ್ಣಾಕ ಕರದು ಕರದು ನನಗ ಸಾಕಾಗೇತಿ.

ನೀರು ಹೊಲಸಾಗಿ ಪಟ್ಟಿ ಮೀನು ಮ್ಯಾಲ ಬಂದು ಬಾಯಿ ತೆರ್ಯಾಕತ್ತೈತಿ. ಎದ್ದ ಕೂಡ್ಲೇ ಶಾವಿಗಿ ತಗದು, ಕಾಲು ಭಾಗ ನೀರು ಬದಲಿ ಮಾಡು. ಉಪ್ಪು ಕಲಸಿದ ನೀರು ನೀಲಿ ಬ್ಯಾರಲ್‌ನ್ಯಾಗ ಐತಿ. ನಂಗ ಸಾಲ್ಯಾಗ ಪರೀಕ್ಷಾ ಐತಿ, ಝಳಕಿ ಬಸ್ಸಿಗೆ ಹೊಂಟೇನಿ.

ಅವ್ವಗ ಬೈಬ್ಯಾಡ. ಯಾಕ ಹಾಕಿದಿ ಅಂತ ಕೇಳಿದ್ನಿ. "ಹೊಸಾದೇನರ ಕಂಡಾಗಷ್ಟ ಅಂವ 'ಯವ್ವಾ, ಬಾ ಇಲ್ಲೆ, ನೋಡು' ಅಂತ ನನ್ನ ಕರೀತಾನ" ಅಂದ್ಲು.

ಸಂಜಿಕ ಟ್ಯಾಂಕಿನ್ಯಾಗ ಏನೂ ಕಾಣದಿದ್ರೂ ಆಕಿನ್ನ ಕರಿ.

ಅಕ್ಕ