ಕಳ್ಳನಿದ್ದೆ

ಪ್ರೀತಿಯ ಅಕ್ಕನಿಗೆ,

ಭಾವನ ಆಪರೇಷನ್ ಮುಂದಕ್ಕೆ ಹೋಗಿದೆ ಎಂದು ಹೇಳಲು ನಾಳೆ ಡಾಕ್ಟರು ಫೋನ್ ಮಾಡುತ್ತಾರೆ. ಅದಕ್ಕೆ ಕಾರಣ ನಾನೇ.

ಕೈನಡುಕ ಕಡಿಮೆಯಾಗಲೆಂದು ಅವರ ಮಿದುಳಿಗೆ ಸೇರಿಸಬೇಕಿದ್ದ ಜೀವಕೋಶಗಳನ್ನು ಸ್ಟೆಮ್ ಸೆಲ್‌ಗಳಿಂದ ಬೆಳೆಸಿದ್ದು ನಮ್ಮ ಲ್ಯಾಬಿನಲ್ಲೇ. ಅವು ಒಂದು ಎರಡಾಗುವುದನ್ನು ಶಾಶ್ವತವಾಗಿ ನಿಲ್ಲಿಸಿರಬೇಕು. ಇಲ್ಲದಿದ್ದರೆ ತಲೆಯೊಳಗೆ ಗಡ್ಡೆ ಬೆಳೆಯಬಹುದು. ನೋಡಲು ಎಲ್ಲವೂ ತೆಪ್ಪಗಿದ್ದವು. ಆದರೂ ಬೆಳೆಯಲು ಉತ್ತೇಜಿಸುವ ದ್ರವ ಹಾಕಿ ಕಾದೆ. ಕೆಲವು ಕಳ್ಳನಿದ್ದೆ ಮಾಡುತ್ತಿದ್ದವು. ಎದ್ದು ಮತ್ತೆ ಎರಡಾದವು.

"ಬೆರಳೆಣಿಕೆಯಷ್ಟು ತಾನೇ? ನಿಮ್ಮ ಭಾವನೇ ಕಾಯ್ತಿದ್ದಾರಲ್ಲಮ್ಮ," ಎಂದರು ನಮ್ಮ ಮುಖ್ಯಸ್ಥರು.

"ಅವರಿಗಷ್ಟೇ ಅಲ್ಲ ಸರ್, ಇವು ಯಾರಿಗೂ ಬೇಡ," ಎಂದೆ.

ಇಡೀ ಬ್ಯಾಚನ್ನು ನಾಶಮಾಡಿದೆವು. ಹೊಸದಾಗಿ ಬೆಳೆಸಲು ತಿಂಗಳುಗಳೇ ಬೇಕು.

ಅಲ್ಲಿಯವರೆಗೂ ಅವರ ಶರ್ಟಿನ ಗುಂಡಿಗಳನ್ನು ನೀನೇ ಹಾಕಬೇಕಾಗುತ್ತದೆ. ಎರಡು ಹಿಡಿಗಳಿರುವ, ಮುಚ್ಚಳದ ಲೋಟ ಕೊಂಡಿದ್ದೇನೆ, ಭಾನುವಾರ ತರುತ್ತೇನೆ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ನೀನು ಒಳಗೇ ಇರು, ಭಾವ ಬಾಗಿಲು ತೆಗೆಯಲಿ. ಚಿಲಕ ಸರಿಸಲು ಅವರಿಗೆ ಹೊತ್ತು ಹಿಡಿಯುತ್ತದೆ, ಗೊತ್ತು. ನಾನು ಹೊರಗೆ ನಿಂತಿರುತ್ತೇನೆ.

ನಿನ್ನ ತಂಗಿ